ಮೆಕ್ಕೆಜೋಳದ ಲೋಟ ಮತ್ತು ಗೊಬ್ಬರಗುಂಡಿ

ಮಳೆಗಾಲ ಕಳೆದ ಮೇಲೆ ಶಿರಸಿ ಹತ್ತಿರದ ತೋಟಿಗರೊಬ್ಬರು ಬಂದು ನನ್ನ ಮೇಜಿನ ಮೇಲೆ ಒಂದು ಲೋಟ ಕುಕ್ಕಿದರು. ಮಗಳ ಮದುವೆಗೆ ತರಿಸಿದ, ಮೆಕ್ಕೆಜೋಳದಿಂದ ಮಾಡಿದ ಲೋಟ. ಕೊಳೆತು ಗೊಬ್ಬರವಾಗುತ್ತದೆಂದು ನಂಬಿ, ಊಟ ಮುಗಿದ ಮೇಲೆ ಎಲ್ಲವನ್ನೂ ಗೊಬ್ಬರಗುಂಡಿಗೆ ಸುರಿದಿದ್ದರಂತೆ. ಸೊಪ್ಪು, ಸಗಣಿ ಕೊಳೆತು ಕಪ್ಪಾಗಿದ್ದವು. ಲೋಟದ ತಳದ ಹಸಿರು ಎಲೆಯ ಗುರುತು ಮಾತ್ರ ಮಾಸಿರಲಿಲ್ಲ.

‘ಮೋಸ ಹೋದೆನೇ?’ ಎಂದರು.

ಮೋಸ ಎನ್ನಲಾರೆ. ಲೋಟ ಮೆಕ್ಕೆಜೋಳದ್ದೇ ಇರಬಹುದು. ಪ್ಲಾಸ್ಟಿಕ್ ಅಚ್ಚಿನ ಕೆಲಸದಲ್ಲಿ ತಲೆ ನೆರೆತ ನನಗೆ ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. 2022ರ ಜುಲೈ 1ರಂದು ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳ ನಿಷೇಧ ಜಾರಿಯಾದ ಮೇಲಂತೂ ಇನ್ನೂ ಹೆಚ್ಚು. ಯಾವುದರಿಂದ ಮಾಡಿದ್ದು ಎಂಬುದು ಒಂದು ಪ್ರಶ್ನೆ, ಕೊಳೆಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಬ್ರೆಜಿಲ್‌ನಲ್ಲಿ 2010ರಿಂದ ಕಬ್ಬಿನ ಎಥನಾಲ್‌ನಿಂದ ಪಾಲಿಥೀನ್ ತಯಾರಾಗುತ್ತಿದೆ. ಅದು ಅಪ್ಪಟ ಪಾಲಿಥೀನ್. ಕಬ್ಬಿನಿಂದ ಬಂತೆಂದು ಕೊಳೆಯುವುದಿಲ್ಲ. ಪಿಬಿಎಟಿ ಎಂಬ ಇನ್ನೊಂದು ಪ್ಲಾಸ್ಟಿಕ್ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದು, ಆದರೂ ಕೊಳೆಯುತ್ತದೆ. ಬೇಸರಿಸದೆ ಈ ಎರಡು ಉದಾಹರಣೆಗಳನ್ನು ಮತ್ತೊಮ್ಮೆ ಓದಿ.

ಈ ಲೋಟ ಬಹುಶಃ ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನದು. ಪಿಷ್ಟದ ಸಕ್ಕರೆಯನ್ನು ಹುಳಿಸಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ. ಮೊಸರನ್ನು ಹುಳಿಯಾಗಿಸುವುದೂ ಅದೇ. ಅದನ್ನು ಉದ್ದನೆಯ ಸರಪಳಿಯಾಗಿ ಹೆಣೆದರೆ ಪಿಎಲ್‌ಎ. ಕೊಳೆಯಬೇಕಾದರೆ ತೇವದ ಜೊತೆಗೆ 58 ಡಿಗ್ರಿಯ ಆಸುಪಾಸಿನ ಕಾವು ವಾರಗಟ್ಟಲೆ ನಿಲ್ಲಬೇಕು. ಮಲೆನಾಡಿನ ಮಳೆಯಲ್ಲಿ ನೆನೆದ ಗುಂಡಿಗೆ ಆ ಕಾವು ಎಲ್ಲಿಂದ ಬರಬೇಕು? ಕಾರವಾರದ ಕಡಲಿಗೆ ಬಿದ್ದರೂ ಅದು ವರ್ಷಗಟ್ಟಲೆ ಲೋಟವಾಗಿಯೇ ಉಳಿಯುತ್ತದೆ.

ತಮಾಷೆಯೆಂದರೆ, ಬಿಸಿಗೆ ಅದು ಕೊಳೆಯುವ ಮೊದಲೇ ಸೋಲುತ್ತದೆ. ಗೋಕರ್ಣದ ಹೋಂಸ್ಟೇ ಒಂದರಲ್ಲಿ ಇಂಥದೇ ಲೋಟಕ್ಕೆ ಕುದಿಯುವ ಕಷಾಯ ಸುರಿದರು. ಅಂಚು ಮೆಲ್ಲಗೆ ಒಳಕ್ಕೆ ಬಾಗಿ, ಕಷಾಯ ನನ್ನ ಪಂಚೆಯ ಮೇಲಿತ್ತು. ಬಿಸಿಗೆಂದೇ ಮಾಡಿದ ಪಿಎಲ್‌ಎ ಲೋಟಗಳೂ ಇವೆ ಎಂದು ಹೇಳುವುದು ನ್ಯಾಯ.

ಖರೀದಿಸುವುದಾದರೆ ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ಗೆಂದಿರುವ ಐಎಸ್/ಐಎಸ್‌ಒ 17088 ಮಾನದಂಡ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಎರಡನ್ನೂ ಕೇಳಿ. ಆ ಮಾನದಂಡ ಹೇಳುವುದು ಕಾರ್ಖಾನೆಯ ಮಟ್ಟದ ಕಾಂಪೋಸ್ಟ್ ಘಟಕದ ಮಾತು, ನಿಮ್ಮ ಹಿತ್ತಲಿನದಲ್ಲ.

‘ತಟ್ಟೆಗೆ ನಿಮ್ಮ ತೋಟದ ಅಡಿಕೆ ಹಾಳೆ ಇದೆ, ಲೋಟಕ್ಕೆ ಸ್ಟೀಲ್ ಸಾಲದೇ?’ ಎಂದೆ.

‘ಹಾಳೆ ಹೆಕ್ಕಲಿಕ್ಕೇ ಆಳಿಲ್ಲ, ಲೋಟ ತೊಳೆಯುವವರನ್ನು ಎಲ್ಲಿಂದ ತರಲಿ?’ ಎಂದು ಅವರು ತಮ್ಮ ಲೋಟವನ್ನು ಚೀಲಕ್ಕೆ ಹಾಕಿಕೊಂಡರು.