ಟ್ರೈಫೆಲ್ಸ್ ಕೋಟೆ ಒಂದು ನೋಡಿದ್ರೆ ಸಾಕಾ, ಪಾಳು ಕೋಟೆಗಳಿಗೂ ಹೋಗ್ಬೇಕಾ?

ಪ್ರಶ್ನೆ: ನಾವು ಜರ್ಮನಿಲಿ ಮ್ಯಾನ್‌ಹೈಮ್ ಹತ್ರ ಇದೀವಿ, ಕಾರಿಲ್ಲ. ಫೆಲ್ಟ್ಸರ್‌ವಾಲ್ಡ್ ಕಾಡಲ್ಲಿ ತುಂಬಾ ಕೋಟೆ ಇದಾವಂತೆ. ಒಂದಿನಕ್ಕೆ ಹೋಗೋದಾದ್ರೆ ಟ್ರೈಫೆಲ್ಸ್ ಒಂದೇ ಸಾಕಲ್ವಾ, ಮಿಕ್ಕಿದ್ದೆಲ್ಲ ಬರೀ ಬಿದ್ದೋಗಿರೋ ಗೋಡೆ ಅಂತಾರೆ?

ಉತ್ತರ: ಸಾಕಾಗಲ್ಲ. ಟ್ರೈಫೆಲ್ಸ್ ದೊಡ್ಡ ಹೆಸರು ಸರಿ, ಕ್ರುಸೇಡ್ (ಧರ್ಮಯುದ್ಧ) ಮುಗಿಸಿ ವಾಪಸ್ ಹೋಗ್ತಿದ್ದ ಇಂಗ್ಲೆಂಡ್ ರಾಜ ರಿಚರ್ಡ್‌ನ 1193ರಲ್ಲಿ ಸೆರೆ ಇಟ್ಟಿದ್ದು ಇಲ್ಲೇ, ಜರ್ಮನ್ ಚಕ್ರವರ್ತಿಗಳ ಕಿರೀಟ ಗಿರೀಟ ಎಲ್ಲ ಇಲ್ಲೇ ಇಡ್ತಿದ್ರು (ಈಗ ಇರೋದು ನಕಲು). ಆದ್ರೆ ಫೋಟೋಲಿ ಅಷ್ಟು ಗಟ್ಟಿಮುಟ್ಟಾಗಿ ಕಾಣೋ ಆ ಅರಮನೆ ಭಾಗ ಇದ್ಯಲ್ಲ, ಅದು 1938ರಿಂದ ಈಚೆಗೆ ಕಟ್ಟಿದ್ದು, ನಾಜಿಗಳ ಕಾಲದಲ್ಲಿ ಶುರುವಾದ ಕೆಲಸ, ಹಳೇ ಕೋಟೆ ಹೇಗಿತ್ತು ಅನ್ನೋದಕ್ಕಿಂತ ಹೇಗಿದ್ರೆ ಚೆನ್ನಾಗಿರತ್ತೆ ಅಂತ ನೋಡಿ ಕಟ್ಟಿರೋದು. ಮುಖ್ಯ ಗೋಪುರದ ಕೆಳಭಾಗ, ಬಾವಿ ಗೋಪುರ, ಇವು ನಿಜವಾಗ್ಲೂ ಹಳೇವು. ಹಂಗಂತ ಬಿಡ್ಬೇಡಿ, ಬೇಗ ನೋಡಿ ಮುಗಿಸಿ.

ಅದೇ ಗುಡ್ಡದ ಸಾಲಲ್ಲಿ ಆನೆಬೋಸ್, ಶಾರ್ಫೆನ್‌ಬೆರ್ಗ್ ಅಂತ ಇನ್ನೆರಡು ಪಾಳು ಕೋಟೆ ಇದಾವೆ, ನಡ್ಕೊಂಡೇ ಹೋಗ್ಬೋದು, ಟಿಕೆಟ್ ಇಲ್ಲ, ಜನಾನೂ ಕಮ್ಮಿ. ನಿಮ್ ಟೈಮ್ ಇಲ್ಲಿ ಕೊಡಿ.

ಏನ್ ನೋಡೋದು ಅಂದ್ರೆ, ಗೋಡೆಗಿಂತ ಮೊದ್ಲು ಬಂಡೆ ನೋಡಿ. ಇಲ್ಲಿದು ಕೆಂಪು ಮರಳುಗಲ್ಲು, ಕೊರೆಯೋಕೆ ಸುಲಭ, ಅದಕ್ಕೇ ಈ ಕಡೆ ಕೋಟೆ ಕಟ್ಟೋರು ಬಂಡೇನೇ ಅರ್ಧ ಮನೆ ಮಾಡ್ಕೊಂಡ್ಬಿಟ್ರು, ಮೆಟ್ಲು, ಕೋಣೆ, ಮಳೆನೀರಿನ ತೊಟ್ಟಿ ಎಲ್ಲ ಅದ್ರಲ್ಲೇ ಕೆತ್ತಿರೋದು. ಬಂಡೆ ಮೈಮೇಲೆ ಸಾಲಾಗಿ ಚೌಕದ ಗುಳಿ ಕಂಡ್ರೆ ಅಲ್ಲಿ ತೊಲೆ ಕೂರಿಸಿದ್ರು ಅಂತ ಅರ್ಥ, ಅಂದ್ರೆ ನೀವು ಖಾಲಿ ಆಕಾಶ ನೋಡ್ತಿರೋ ಜಾಗದಲ್ಲಿ ಒಂದು ಮಹಡಿ ಇತ್ತು. ಗೋಡೆ ಕಲ್ಲಿನ ಮಧ್ಯದಲ್ಲಿ ಸಣ್ಣ ತೂತಿದ್ರೆ ಅದು ಇಕ್ಕಳ ಸಿಕ್ಕಿಸಿ ಕಲ್ಲು ಮೇಲೆತ್ತಿದ ಗುರುತು, ಗುಂಡಿನ ಏಟಲ್ಲ (ಹಂಗಂತ ಹೇಳೋರು ಸಿಗ್ತಾರೆ). ಮುಂದಕ್ಕೆ ಉಬ್ಬಿರೋ ಒರಟು ಕಲ್ಲು ಇದ್ರೆ ಸಾಮಾನ್ಯವಾಗಿ 12, 13ನೇ ಶತಮಾನದ ಕೆಲಸ, ಶಾರ್ಫೆನ್‌ಬೆರ್ಗ್‌ನ ಒಂಟಿ ಗೋಪುರದಲ್ಲಿ ಇದು ಚೆನ್ನಾಗಿ ಕಾಣತ್ತೆ. ಇದೆಲ್ಲ ರಿಪೇರಿ ಮಾಡಿ ಗಿಲಾವು ಹೊಡ್ದಿರೋ ಕೋಟೇಲಿ ಕಾಣಲ್ಲ.

ಯಾಕ್ ಇಷ್ಟೊಂದು ಪಾಳು ಬಿದ್ವು ಅಂದ್ರೆ 1525ರ ರೈತರ ದಂಗೆ, ಆಮೇಲೆ ಮೂವತ್ತು ವರ್ಷದ ಯುದ್ಧ, ಆಮೇಲೆ ಫ್ರೆಂಚ್ ಸೈನ್ಯ, ಉಳಿದಿದ್ದ ಕಲ್ಲನ್ನ ಊರಿನೋರು ಮನೆ ಕಟ್ಟೋಕೆ ಹೊತ್ಕೊಂಡ್ ಹೋದ್ರು.

ಕಾರಿಲ್ಲ ಅಂದ್ರಲ್ಲ, ಲಾಂಡೌ ಕಡೆಯಿಂದ ಲೋಕಲ್ ಟ್ರೈನಲ್ಲಿ ಆನ್‌ವೈಲರ್ ಸ್ಟೇಷನ್ನಿಗೆ ಬನ್ನಿ, ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿ ಪೂರ್ತಿ ಲೋಕಲ್ ಟ್ರೈನು, ಬಸ್ಸಿಗೆ ಆಗೋ ತಿಂಗಳ ಪಾಸು) ನಡ್ಯತ್ತೆ, ಅಲ್ಲಿಂದ ಕೋಟೆಗೆ ಏರು ದಾರಿ, ಒಳ್ಳೆ ಶೂ ಬೇಕು. ಅಕ್ಟೋಬರ್‌ನಲ್ಲಿ ಬಂದ್ರೆ ದಾರಿ ತುಂಬಾ ಚೆಸ್ಟ್‌ನಟ್ ಬಿದ್ದಿರತ್ತೆ. ಚಳಿಗಾಲದಲ್ಲಿ ಟ್ರೈಫೆಲ್ಸ್ ಟೈಮಿಂಗ್ ಬದ್ಲಾಗತ್ತೆ, ನೋಡ್ಕೊಂಡೇ ಹೊರಡಿ. ಇನ್ನೊಂದ್ ದಿನ ಸಿಕ್ರೆ ಡಾನ್ ಊರಿಗೆ ಹೋಗಿ, ಒಂದೇ ಬಂಡೆ ಸಾಲಿನ ಮೇಲೆ ಆಲ್ಟ್‌ಡಾನ್, ಗ್ರಾಫೆನ್‌ಡಾನ್, ಟಾನ್‌ಸ್ಟೈನ್ ಮೂರೂ ಕೋಟೆ ಇದಾವೆ, ನನ್ ಪ್ರಕಾರ ಇಡೀ ಕಾಡಲ್ಲಿ ಇದೇ ಬೆಸ್ಟು.

ಊಟಕ್ಕೆ ಕಾಡೊಳಗೆ ವಾಕಿಂಗ್ ಸಂಘದೋರ ಹಟ್‌ಗಳು ಇರ್ತಾವೆ, ಕ್ಯಾಶ್ ಇಟ್ಕೊಂಡಿರಿ. ವೆಜ್ ಆದ್ರೆ ಸೌಮಾಗೆನ್ ಮುಟ್ಬೇಡಿ, ಅದು ಹಂದಿ ಮಾಂಸದ ಅಡುಗೆ, ಬೇಯಿಸಿದ ಆಲೂಗಡ್ಡೆ ಜೊತೆ ಕೊಡೋ ಬಿಳಿ ಚೀಸ್ ಕೇಳಿ.

ಕೊನೇದಾಗಿ, ಈ ಕಾಡು ಬಯೋಸ್ಫಿಯರ್ ರಿಸರ್ವ್ (ಸಂರಕ್ಷಿತ ಪ್ರಕೃತಿ ಪ್ರದೇಶ) ಕೂಡ, ಬೆಂಕಿ ಹಾಕೋದು, ಎಲ್ಲಂದ್ರಲ್ಲಿ ಟೆಂಟ್ ಹೊಡ್ಯೋದು ನಡ್ಯಲ್ಲ. ವಸಂತದಲ್ಲಿ ಬಂಡೆಗಳ ಮೇಲೆ ಪೆರಿಗ್ರಿನ್ ಗಿಡುಗ ಗೂಡು ಮಾಡತ್ತೆ, ಆಗ ಕೆಲವು ಬಂಡೆ ಮುಚ್ಚಿರ್ತಾರೆ, ಬೋರ್ಡ್ ಇದ್ರೆ ಫೋಟೋಗೋಸ್ಕರ ದಾಟ್ಬೇಡಿ. ಮಕ್ಕಳಿದ್ರೆ ಕೈ ಹಿಡ್ಕೊಂಡಿರಿ, ಎಲ್ಲಾ ಕಡೆ ಕಂಬಿ ಇರಲ್ಲ, ಮಳೆ ಬಂದಾಗ ಆ ಕೆತ್ತಿದ ಮೆಟ್ಲು ಸಿಕ್ಕಾಪಟ್ಟೆ ಜಾರತ್ತೆ.