ಮಾವಳ್ಳಿಪುರ, ಮಂಡೂರು ಬೇಡ ಅಂದ ಮೇಲೆ

ಹಸಿ ಕಸ ಬೇರೆ, ಒಣ ಕಸ ಬೇರೆ ಕೊಡಿ ಅಂತ ಕಸದ ಆಟೋದವರು ಕೇಳುವುದು ಬೆಂಗಳೂರಿನಲ್ಲಿ ಈಗ ದಿನನಿತ್ಯದ ಮಾತು. ಈ ಪದ್ಧತಿ ಬೇರೂರಿದ್ದರ ಹಿಂದೆ ಊರಾಚೆಯ ಹಳ್ಳಿಗಳ ದೊಡ್ಡ ಸಂಕಟವಿದೆ.

ಕಾನೂನಿಗೇನೂ ಕೊರತೆ ಇರಲಿಲ್ಲ. 1996ರಲ್ಲಿ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ನಗರಗಳ ಕಸದ ಬಗ್ಗೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಅದರ ಬೆನ್ನಲ್ಲೇ 2000ದಲ್ಲಿ ದೇಶಕ್ಕೆಲ್ಲ ನಿಯಮ ಬಂತು. ಕೊಳೆಯುವುದನ್ನು ಗೊಬ್ಬರ ಮಾಡಿ, ಮರುಬಳಕೆ ಆಗುವುದನ್ನು ಉಳಿಸಿ, ಯಾವುದಕ್ಕೂ ಬಾರದ್ದನ್ನು ಮಾತ್ರ ಹೂಳಿ ಎಂದಿತು ಆ ನಿಯಮ. ಹೂಳುವ ಕಸವನ್ನು ಆದಷ್ಟು ಸೊನ್ನೆಗಿಳಿಸುವ ಝೀರೋ ವೇಸ್ಟ್ ತತ್ವದ ತಿರುಳೂ ಹೆಚ್ಚುಕಡಿಮೆ ಇದೇ ಅಲ್ವಾ? ಕಸದಿಂದ ಗೊಬ್ಬರ ಮಾಡಲೆಂದೇ ರಾಜ್ಯದಲ್ಲಿ 1975ರಲ್ಲೇ ಒಂದು ನಿಗಮ ಹುಟ್ಟಿತ್ತು. ಆದರೂ ಲಾರಿಗಳು ಎಲ್ಲವನ್ನೂ ಬೆರೆಸಿಕೊಂಡೇ ಊರಾಚೆಯ ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳಿಗೆ ಹೋಗಿ ಸುರಿದವು.

ಅನ್ನ, ಸಿಪ್ಪೆ, ಬ್ಯಾಟರಿ, ಪ್ಲಾಸ್ಟಿಕ್ ಒಟ್ಟಿಗೆ ಕೊಳೆತು ಮಳೆ ಬಿದ್ದರೆ ಕಪ್ಪು ನೀರು ಇಳಿಯುತ್ತದೆ. ಅದು ಹೋಗಿ ಸೇರುವುದು ಅಕ್ಕಪಕ್ಕದ ಕೆರೆ, ಬಾವಿಗೆ. ಮಾವಳ್ಳಿಪುರದ ಜನ ವರ್ಷಗಟ್ಟಲೆ ಇದನ್ನು ಹೇಳುತ್ತಲೇ ಇದ್ದರು. 2012ರಲ್ಲಿ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ನಗರದ ಬೀದಿಗಳಲ್ಲಿ ಕಸ ರಾಶಿ ಬಿತ್ತು. ವಾರ್ಡ್‌ಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ಶುರುವಾದದ್ದು ಆ ಹೊತ್ತಿನಲ್ಲೇ. ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿದ್ದೂ ಸರಿಸುಮಾರು ಆಗಲೇ. ಅದು ಎಂದೋ ಸಿಗಬೇಕಿದ್ದ ಗೌರವ. 2014ರಲ್ಲಿ ಮಂಡೂರಿನವರೂ ಬೀದಿಗಿಳಿದರು. ವರ್ಷದ ಕೊನೆಗೆ ಆ ಬಾಗಿಲೂ ಮುಚ್ಚಿತು.

ಮರುವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಕಡ್ಡಾಯ ಮಾಡಿತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಚೀಲ ಒಣ ಕಸಕ್ಕೆ, ಕೆಂಪು ಬುಟ್ಟಿ ಡೈಪರ್, ಪ್ಯಾಡ್, ಬ್ಯಾಂಡೇಜ್‌ನಂಥವಕ್ಕೆ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೊಂದು ಕೆಂಪು ಗುರುತು ಹಾಕಿದರೆ ಪೌರಕಾರ್ಮಿಕರು ಅದನ್ನು ಬಿಚ್ಚಿ ನೋಡಬೇಕಾಗಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಕೋರ್ಟ್ ಆದೇಶ ಬೇಕಾಯಿತು ಅನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ.

2016ರ ಕೇಂದ್ರ ನಿಯಮ ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಮಾಡುವವರ ಮೇಲೆ ಹೆಚ್ಚಿನ ಹೊಣೆ ಹಾಕಿತು. ಚಿಂದಿ ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಿ ಎಂದಿತು. ಕಸವೇ ಹುಟ್ಟದಂತೆ ನೋಡಿಕೊಳ್ಳುವುದು ಮೊದಲು, ಹೂಳುವುದು ಕೊನೆಗೆ ಅಂತಲೂ ಅದರಲ್ಲಿತ್ತು. ಜಾರಿಯಲ್ಲಿ ಬಡವಾದದ್ದು ಆ ಮೊದಲ ಮಾತೇ. ಮದುವೆಗೆ ಸ್ಟೀಲ್ ತಟ್ಟೆ, ಲೋಟ ಕೊಟ್ಟು ವಾಪಸ್ ಪಡೆಯುವ ಪ್ಲೇಟ್ ಬ್ಯಾಂಕ್‌ಗಳಂಥ ಒಳ್ಳೆಯ ಕೆಲಸ ಹೆಚ್ಚಾಗಿ ಸಂಘ ಸಂಸ್ಥೆಗಳ ಪಾಲಿಗೇ ಉಳಿಯಿತು. ಮಂಡೂರು ಮುಚ್ಚಿ ವರ್ಷಗಳು ಕಳೆದ ಮೇಲೂ ಬೆರೆತ ಕಸದ ಲಾರಿಗಳು ಅದನ್ನು ಸುರಿಯಲು ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಯ ದಾರಿ ಹಿಡಿದವು.