ಕಾವೇರಿ ಎಂಜಿನ್: ತೊಡಕು ಇದ್ದಿದ್ದು ಬ್ಲೇಡಿನಲ್ಲಿ

ನಮ್ಮ ಯುದ್ಧವಿಮಾನ ತೇಜಸ್‌ಗೆ ಅಮೆರಿಕದಿಂದ ಎಂಜಿನ್ ಬರುವುದು ತಡವಾದಾಗಲೆಲ್ಲ ಒಂದೇ ಪ್ರಶ್ನೆ: ಅದಕ್ಕೆಂದೇ ನಾವೇ ಮಾಡಹೊರಟ ಕಾವೇರಿ ಎಂಜಿನ್ ಏನಾಯಿತು?

ಈ ಕಥೆ ಹಳೆಯದು. 1961ರಲ್ಲಿ ಬೆಂಗಳೂರಿನಲ್ಲಿ ಹಾರಿದ ಮಾರುತ್ ನಮ್ಮದೇ ಒಳ್ಳೆಯ ಯುದ್ಧವಿಮಾನ, ಎಂಜಿನ್ನಿನ ಬಲ ಮಾತ್ರ ಸಾಲಲಿಲ್ಲ. 1989ರಲ್ಲಿ ಸಿ.ವಿ. ರಾಮನ್ ನಗರದ ಜೆಟ್ ಎಂಜಿನ್ ಸಂಶೋಧನಾಲಯ ಜಿಟಿಆರ್‌ಇಗೆ ಕಾವೇರಿ ಯೋಜನೆ ಸಿಕ್ಕಿತು. 2001ರಲ್ಲಿ ತೇಜಸ್ ಮೊದಲ ಸಲ ಹಾರಿದ್ದು ಅಮೆರಿಕದ ಎಫ್404 ಎಂಜಿನ್‌ನಲ್ಲಿ. ಕಾವೇರಿಯ ಗುರಿ 81 ಕಿಲೋನ್ಯೂಟನ್ ತಳ್ಳುವ ಬಲ. ಅಷ್ಟು ಬಲ ಬರಲಿಲ್ಲ, ತೂಕವೂ ಜಾಸ್ತಿಯಾಯಿತು. 2008ರಲ್ಲಿ ತೇಜಸ್‌ನಿಂದ ಅದನ್ನು ಬೇರೆ ಮಾಡಿದರು.

ದುಡ್ಡು, ವಿಳಂಬ ಅಂತ ವಾದ ನಡೆಯುತ್ತಲೇ ಇದೆ. ಬ್ಲೇಡಿನ ಮಾತು ಯಾರೂ ಎತ್ತುವುದಿಲ್ಲ.

ಎಂಜಿನ್ನಿನೊಳಗೆ ಬಿಸಿಗಾಳಿಯಿಂದ ತಿರುಗುವ ಚಕ್ರವೇ ಟರ್ಬೈನು, ಅದರ ಸುತ್ತಲಿನ ರೆಕ್ಕೆಗಳೇ ಬ್ಲೇಡುಗಳು. ಟರ್ಬೈನಿಗೆ ನುಗ್ಗುವ ಗಾಳಿಯ ಬಿಸಿ, ಅಲ್ಲಿರುವ ಬ್ಲೇಡಿನ ಲೋಹ ಕರಗುವ ಮಟ್ಟಕ್ಕಿಂತ ಜಾಸ್ತಿ. ಅಷ್ಟು ಸಾಲದೆ, ತಿರುಗುವ ವೇಗಕ್ಕೆ ಒಂದೊಂದು ಬ್ಲೇಡನ್ನೂ ಟನ್‌ಗಟ್ಟಲೆ ಬಲ ಹೊರಗೆಳೆಯುತ್ತದೆ. ಮಾಮೂಲಿ ಲೋಹದಲ್ಲಿ ಸಣ್ಣ ಸಣ್ಣ ಹರಳುಗಳಿರುತ್ತವೆ. ಬಿಸಿಯಲ್ಲಿ ಅದು ಸೋಲುವುದು ಹರಳು ಹರಳು ಸೇರುವ ಗೆರೆಯಲ್ಲಿ. ಆ ಗೆರೆಯೇ ಇಲ್ಲದಂತೆ ಇಡೀ ಬ್ಲೇಡನ್ನು ಒಂದೇ ಹರಳಾಗಿ ಎರಕ ಹೊಯ್ಯಬೇಕು.

ಮೊದಲ ಹೆಜ್ಜೆ ನಮ್ಮ ಪಂಚಲೋಹದ ವಿಗ್ರಹದವರಿಗೂ ಗೊತ್ತು: ಮೇಣದಲ್ಲಿ ಮಾಡಿ, ಮೇಲೆ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆಯುವುದು. ಕಷ್ಟ ಆಮೇಲಿನದು. ನಿಕ್ಕಲ್ ಮಿಶ್ರಲೋಹವನ್ನು ನಿರ್ವಾತದಲ್ಲಿ ಕರಗಿಸಿ ಸೆರಾಮಿಕ್ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚನ್ನು ಕುಲುಮೆಯಿಂದ ತುಂಬಾ ನಿಧಾನವಾಗಿ ಕೆಳಗಿಳಿಸುತ್ತಾರೆ. ಬುಡದಲ್ಲಿ ಹತ್ತಾರು ಹರಳು ಹುಟ್ಟುತ್ತವೆ. ಸುರುಳಿಯಾಕಾರದ ಸಣ್ಣ ಕೊಳವೆ ದಾಟಿ ಮೇಲೆ ಬರುವುದು ಒಂದೇ. ಇಳಿಸುವ ವೇಗ ಸ್ವಲ್ಪ ತಪ್ಪಿದರೂ ಇನ್ನೊಂದು ಹರಳು ಮೂಡುತ್ತದೆ, ಬ್ಲೇಡು ಗುಜರಿಗೆ. ಒಳಗೆ ತಂಪುಗಾಳಿಯ ದಾರಿಗಳೂ ಬೇಕು. ಅದಕ್ಕೆಂದೇ ಇಟ್ಟ ಸೆರಾಮಿಕ್ ತಿರುಳನ್ನು ಕೊನೆಗೆ ರಾಸಾಯನಿಕದಲ್ಲಿ ಕರಗಿಸಿ ತೆಗೆಯುತ್ತಾರೆ.

ಈ ಕೈಚಳಕವನ್ನು ಯಾರೂ ಸುಲಭವಾಗಿ ಮಾರುವುದಿಲ್ಲ. ಅಮೆರಿಕದಲ್ಲಿ ಇಂಥ ಬ್ಲೇಡು 1980ರ ದಶಕದ ಆರಂಭಕ್ಕೇ ಪ್ರಯಾಣಿಕರ ವಿಮಾನ ಸೇರಿತ್ತು. ನಮ್ಮಲ್ಲಿ ಎಂಜಿನ್ನಿನ ನಕ್ಷೆ ಮೊದಲು ಬಂತು, ಕುಲುಮೆಯ ಅನುಭವ ಆಮೇಲೆ. ಕ್ರಮ ತಿರುಗುಮುರುಗಾಯಿತು, ಅಲ್ವಾ?

2021ರಲ್ಲಿ ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಡಿಎಂಆರ್‌ಎಲ್ ಇಂಥ 60 ಬ್ಲೇಡುಗಳನ್ನು ಎಚ್‌ಎಎಲ್‌ಗೆ ಕೊಟ್ಟಿತು. ಅವು ಹೆಲಿಕಾಪ್ಟರ್ ಎಂಜಿನ್ನಿನವು. ಕಾವೇರಿಯನ್ನು ಈಗ ಆಫ್ಟರ್‌ಬರ್ನರ್ (ಕೊನೆಯಲ್ಲಿ ಮತ್ತಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಭಾಗ) ತೆಗೆದು, ಪೈಲಟ್ ಇಲ್ಲದ ವಿಮಾನಕ್ಕೆಂದು ಸಿದ್ಧಮಾಡುತ್ತಿದ್ದಾರೆ. ಎತ್ತರದ ಹಾರಾಟದ ಪರೀಕ್ಷೆಗೆ ಅದನ್ನು ಹೊತ್ತುಕೊಂಡು ಹೋಗಿದ್ದು ಮಾತ್ರ ರಷ್ಯಾಕ್ಕೇ.